ಹರಿಗೋಲಿನಲ್ಲಿ ನೀಲಿ ಚುಕ್ಕೆ

ಮಗ ಬೆಂಗಳೂರಿನಿಂದ ತಂದುಕೊಟ್ಟ ಟ್ಯಾಬು ಆರು ತಿಂಗಳು ನಮ್ಮ ಶಾಮನೂರಿನ ಮನೆಯಲ್ಲಿ ಪಂಚಾಂಗ ತೋರಿಸಿಕೊಂಡು ಸುಖವಾಗಿತ್ತು. ಹೊರದೇಶಗಳಲ್ಲಿ ಮೋಜಿಗೆ ದೋಣಿ ಇಟ್ಟುಕೊಂಡವರು ಈಗ ಇಂಥದ್ದರಲ್ಲೇ ನಕ್ಷೆ ನೋಡಿ ಸಮುದ್ರ ಸುತ್ತುತ್ತಾರೆಂದು ಅವನೇ ಒಮ್ಮೆ ಬಾಯಿತಪ್ಪಿ ಹೇಳಿದ. ನನಗೆ ನಾವಿಕನಾಗುವ ಹುಚ್ಚು ಹತ್ತಿತು. ಶಾಮನೂರಿಗೂ ಸಮುದ್ರಕ್ಕೂ ಏನು ಸಂಬಂಧ ಅಂತೀರಾ? ನಮ್ಮ ದೇಶದ ಕಡಲನಕ್ಷೆಗಳನ್ನು ತಯಾರಿಸುವ ಕಚೇರಿ ಇರುವುದು ಡೆಹ್ರಾಡೂನಿನಲ್ಲಿ, ಹಿಮಾಲಯದ ಬುಡದಲ್ಲಿ!

ಸಮುದ್ರ ಇಲ್ಲದಿದ್ದರೇನು, ಹರಿಹರದಲ್ಲಿ ತುಂಗಭದ್ರೆ ಇದ್ದಾಳಲ್ಲ. ಹರಿಗೋಲಿನವನೊಬ್ಬನನ್ನು ಒಪ್ಪಿಸಿದೆ.

"ಎರಡೂ ದಂಡೆ ಕಾಣ್ತಾವೆ, ಸೇತುವೆ ಕಾಣ್ತೈತೆ. ಇನ್ನೇನು ಹುಡುಕ್ತೀರಿ ಅದರಾಗೆ? ಅಂಬಿಗರ ಚೌಡಯ್ಯ ಏನು ಟ್ಯಾಬು ಹಿಡ್ಕೊಂಡಿದ್ನಾ?" ಅಂದಳು ಹೆಂಡತಿ. ಉತ್ತರ ಹೊಳೆಯಲಿಲ್ಲ. ಹತ್ತಿ ಕೂತೆ.

ಹರಿಗೋಲಿಗೆ ಹಿಂದು ಮುಂದು ಇಲ್ಲ. ಅಂಬಿಗ ನಮ್ಮತ್ತ ಮುಖ ಮಾಡಿ ಹುಟ್ಟು ಹಾಕುತ್ತಿದ್ದ. "ಬಲಕ್ಕೆ ಹೊರಳಿಸಪ್ಪ" ಎಂದೆ. "ನಿಮ್ಮ ಬಲವೋ ನನ್ನ ಬಲವೋ ಸಾರ್?" ನ್ಯಾಯವಾದ ಪ್ರಶ್ನೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ದಂಡೆಯ ಮೇಲೆ ಕಟ್ಟಿಸಿದ ಗುಡಿಯಲ್ಲೂ ಇದೇ ತಕರಾರು: ದೇವರ ಬಲಕ್ಕೆ ಹರ, ಎದುರು ನಿಂತವನ ಬಲಕ್ಕೆ ಹರಿ.

ತೀರ್ಪಿಗೆಂದು ಟ್ಯಾಬು ತೆರೆದೆ. ಬಿಸಿಲಿಗೆ ಮೊದಲು ಕಂಡದ್ದು ನನ್ನದೇ ಬೋಳುತಲೆ. ಟವೆಲ್ಲು ಮರೆಮಾಡಿ ನೋಡಿದರೆ, ನೀಲಿ ಚುಕ್ಕೆ ಶಾಮನೂರಿನ ನಮ್ಮ ಮನೆಯ ಮೇಲೇ ಕೂತಿದೆ! ಹರಿಗೋಲು ತಿರುಗಿದಂತೆಲ್ಲ ಅದೂ ಅಲ್ಲೇ ಗಿರಗಿರ ತಿರುಗುತ್ತಿದೆ.

"ಅದಕ್ಕಾದ್ರೂ ಮನೆ ನೆನಪೈತೆ" ಅಂದಳು ಇವಳು.

ಮಗನಿಗೆ ಫೋನು ಮಾಡಿದೆ. "ಅಪ್ಪಾ, ಅದು ಸಿಮ್ ಹಾಕೋ ಜಾಗ ಇಲ್ಲದ ಮಾದರಿ. ಜಿಪಿಎಸ್ ಚಿಪ್ಪೇ ಇಲ್ಲ ಅದರಲ್ಲಿ. ಸುತ್ತಮುತ್ತಲ ವೈಫೈ ನೋಡಿ ಜಾಗ ಊಹೆ ಮಾಡುತ್ತೆ." ಹೊಳೆಯ ನಡುವೆ ಯಾರ ಮನೆಯ ವೈಫೈ? ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿಂದ ಉಪಗ್ರಹಗಳು ಕೂಗುತ್ತಿವೆ, ಇದು ಕಿವುಡು. ದಿಕ್ಸೂಚಿ ಮಾತ್ರ ಇದೆಯಂತೆ. ಆ ಗಿರಗಿರ ಅದರದ್ದು. ಅಷ್ಟರಲ್ಲಿ ಹುಟ್ಟಿನಿಂದ ನಾಲ್ಕು ಹನಿ ಸಿಡಿದವು. ನೀರನ್ನೇ ಬೆರಳೆಂದುಕೊಂಡ ಪರದೆ ನಕ್ಷೆಯನ್ನು ಸರ್ರನೆ ಎಳೆದು ಅರಬ್ಬಿ ಸಮುದ್ರದಲ್ಲಿ ನಿಲ್ಲಿಸಿತು. ಅಂತೂ ಸಮುದ್ರ ಕಂಡೆ.

"ನಿನಗೆ ದಾರಿ ಹೆಂಗೆ ಗೊತ್ತಾಗ್ತದೆ?" ಅಂಬಿಗನನ್ನು ಕೇಳಿದೆ.

"ಆ ಆಲದಮರಾನೂ ಸೇತುವೆ ಮೂರನೇ ಕಂಬಾನೂ ಒಂದೇ ಗೆರೆಗೆ ಬಂದ್ರೆ ಕೆಳಗೆ ಬಂಡೆ ಐತೆ ಅಂತ ಲೆಕ್ಕ ಸಾರ್. ಅದರಾಚೆ ಮಡು."

ಎಷ್ಟು ನೋಡಿದರೂ ನನಗೆ ಮರ ಕಾಣಲಿಲ್ಲ.

"ಹೋದ ವರ್ಷ ಗಾಳಿಗೆ ಬಿತ್ತು. ಐತೆ ಅಂತ ಇಟ್ಕೊಂಡು ನೋಡ್ರಿ."

ಅವನ ನಕ್ಷೆಯೂ ಹಳೆಯದೇ. ಆದರೆ ಬಂಡೆ ತಾಗಲಿಲ್ಲ.

ಇವಳು ನನ್ನ ಕೈಯಿಂದ ಟ್ಯಾಬು ಕಸಿದು ತೊಡೆಯ ಮೇಲೆ ಮಲಗಿಸಿ, ಪೇಪರು ಹಾಸಿ, ಮಂಡಕ್ಕಿ ಸುರಿದು ಮಿರ್ಚಿ ಜೋಡಿಸಿದಳು. ಅಂಬಿಗನೂ ಒಂದು ಮಿರ್ಚಿ ತಗೊಂಡ.

"ತಟ್ಟೆ ಚಲೋ ಐತ್ರೀ ಅಮ್ಮಾರೆ. ಎಷ್ಟು ಕೊಟ್ರಿ?"

ನಾನು ಬೆಲೆ ಹೇಳಿದೆ. ಹುಟ್ಟು ನಿಂತಿತು. ಹರಿಗೋಲು ತನ್ನಷ್ಟಕ್ಕೆ ತಾನೇ ಇನ್ನೊಂದು ಸುತ್ತು ಹೊಡೆಯಿತು.