ಕೆರಗೋಡು ಸೀಮೆಯ ಕಿರುಕೋವಿ ಮೀಮಾಂಸೆ

ಪ್ರಸ್ತಾವನೆ

ಮಂಡ್ಯ ತಾಲ್ಲೂಕಿನ ಕೆರಗೋಡು ಹೋಬಳಿಯಲ್ಲಿ ಕಾಲ್ನಡಿಗೆಯಲ್ಲಿ ಓಡಾಡುವ ಗೃಹಸ್ಥನು ಆತ್ಮರಕ್ಷಣೆಗೂ ಕಿರುಬೇಟೆಗೂ ಒದಗುವಂಥ ಯಾವ ಸಣ್ಣ ರಿವಾಲ್ವರನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳತಕ್ಕದ್ದು ಎಂಬ ಪ್ರಶ್ನೆಯನ್ನು ಕನ್ನಡದ ವಿದ್ವಲ್ಲೋಕ ಈವರೆಗೆ ಎತ್ತಿಕೊಂಡೇ ಇಲ್ಲ. ಛಂದಸ್ಸಿಗೆ ಶಾಸ್ತ್ರವಿದೆ, ಪಾಕಕ್ಕೆ ಶಾಸ್ತ್ರವಿದೆ, ಹಲ್ಲಿ ಮೈಮೇಲೆ ಬಿದ್ದರೆ ಏನು ಫಲ ಎಂಬುದಕ್ಕೂ ಪಂಚಾಂಗದ ಕೊನೆಯಲ್ಲಿ ಒಂದು ಪುಟವಿದೆ; ಇದಕ್ಕೆ ಮಾತ್ರ ಏನೂ ಇಲ್ಲ. ಈ ಕೊರತೆಯನ್ನು ನೀಗಿಸಿ ಎಂದು ನಮ್ಮನ್ನು ಯಾರೂ ಕೇಳಿಕೊಂಡಿಲ್ಲ. ಸಂಶೋಧನೆಗೆ ಇದಕ್ಕಿಂತ ಒಳ್ಳೆಯ ಪ್ರೇರಣೆ ಬೇರೆ ಬೇಕಿಲ್ಲ.

ಅಮೆರಿಕದಲ್ಲಿ ಈ ಶಾಸ್ತ್ರ ಚೆನ್ನಾಗಿ ಬಲಿತಿದೆ. ಅಲ್ಲಿ ಬೆಟ್ಟ ಹತ್ತಲು ಹೊರಟವರು ದಾರಿಯಲ್ಲಿ ಮೊಲವೋ ಅಳಿಲೋ ಸಿಕ್ಕರೆ ಇರಲಿ ಎಂದು .22 ಕ್ಯಾಲಿಬರಿನ, ಅಂದರೆ ಸುಮಾರು 5.6 ಮಿಲಿಮೀಟರ್ ಗುಂಡಿನ, ಸಿಂಗಲ್ ಆಕ್ಷನ್ ರಿವಾಲ್ವರನ್ನು ಜೊತೆಗಿಟ್ಟುಕೊಳ್ಳುತ್ತಾರೆ. ಈ ಕುಲದ ಮೂಲಪುರುಷ 1873ರ ಕೋಲ್ಟ್. ಕಿರುಗಾತ್ರದ ಶಾಖೆಯಲ್ಲಿ ಹೆಸರಾದದ್ದು 1953ರ ರೂಗರ್ ಸಿಂಗಲ್ ಸಿಕ್ಸ್. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಕ್ಕೆಳೆದು ನಿಲ್ಲಿಸಬೇಕು. ಟ್ರಿಗರಿಗೆ ಅದನ್ನು ಬಿಡುವುದೊಂದೇ ಕೆಲಸ. ಇದು ಏಕಕ್ರಿಯೆ. ಎಳೆಯುವುದು, ಬಿಡುವುದು ಎರಡನ್ನೂ ಟ್ರಿಗರೇ ಮಾಡಿದರೆ ದ್ವಿಕ್ರಿಯೆ. ಹಳೆಯ ಮಾದರಿಯವರು ಆರು ಕೋಣೆಯಲ್ಲಿ ಐದಕ್ಕೆ ಮಾತ್ರ ಗುಂಡು ತುಂಬಿ, ಹ್ಯಾಮರಿನ ಎದುರಿಗಿರುವ ಕೋಣೆಯನ್ನು ಖಾಲಿ ಬಿಡುತ್ತಿದ್ದರು. ಕೈಜಾರಿ ಬಿದ್ದರೆ ತಮ್ಮ ಕಾಲಿಗೇ ಹಾರೀತೆಂಬ ಭಯ. ಆರಿದ್ದರೂ ಐದೇ ಲೆಕ್ಕಕ್ಕೆ ಹಿಡಿಯುವ ಈ ಪದ್ಧತಿ ಕಬ್ಬಿನ ತೂಕದಲ್ಲೂ ಬಳಕೆಯಲ್ಲಿದೆಯೆಂದು ಸ್ಥಳೀಯ ರೈತರು ಹೇಳುತ್ತಾರೆ. ಈ ಬಗ್ಗೆ ಪ್ರತ್ಯೇಕ ಅಧ್ಯಯನ ಆಗಬೇಕು.

ವ್ಯಾಪ್ತಿ ನಿರ್ಣಯ

ಮೊದಲು ಚಾರಣ ಎಂದರೇನೆಂದು ಗೊತ್ತುಮಾಡಿಕೊಳ್ಳಬೇಕು. ಇಲ್ಲಿ ಹತ್ತಲು ಹಿಮಾಲಯವಿಲ್ಲ, ಗದ್ದೆ ಬಯಲು. ಆದರೆ ರಾತ್ರಿ ಎರಡು ಗಂಟೆಗೆ ಪಟಾಪಟಿ ಚಡ್ಡಿಯಲ್ಲಿ, ಬರಿಗಾಲಲ್ಲಿ, ಒಂದು ಅಡಿ ಅಗಲದ ಬದುವಿನ ಮೇಲೆ, ಎರಡೂ ಕಡೆ ತಲೆಗಿಂತ ಎತ್ತರ ಬೆಳೆದ ಕಬ್ಬಿನ ನಡುವೆ ನೀರು ಕಟ್ಟಲು ಹೋಗುವುದನ್ನು ಚಾರಣವೆನ್ನದೆ ಬೇರೆ ದಾರಿಯಿಲ್ಲ. ಪರ್ವತಾರೋಹಿಗೆ ದಾರಿ ತೋರುವವನಿರುತ್ತಾನೆ. ಈ ರೈತನಿಗೆ ನಾಯಿಯಿದೆ, ಅದೂ ಚಿರತೆಯ ವಾಸನೆ ಬಡಿದರೆ ಮೊದಲು ಮನೆ ಸೇರುತ್ತದೆ.

ಮಂಡ್ಯ ಜಿಲ್ಲೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆ ಕಾಣಿಸಿಕೊಳ್ಳುವುದು, ಅರಣ್ಯ ಇಲಾಖೆಯವರು ಬಂದು ಬೋನಿಡುವುದು, ಬೋನಿನೊಳಗಿನ ನಾಯಿಮರಿ ಅಥವಾ ಮೇಕೆ ರಾತ್ರಿಯೆಲ್ಲ ಅರಚುವುದು, ಇವು ಪತ್ರಿಕೆ ಓದುವವರಿಗೆಲ್ಲ ಗೊತ್ತಿರುವ ಸಂಗತಿ. ಹಂದಿ ಕಬ್ಬಿನ ಬುಡ ಕಡಿಯುತ್ತದೆ, ನವಿಲು ಬಿತ್ತಿದ ಕಾಳು ಹೆಕ್ಕುತ್ತದೆ, ಮಂಗ ತೆಂಗಿನ ಎಳನೀರು ಕುಡಿದು ಬುರುಡೆ ಎಸೆಯುತ್ತದೆ. ಆದ್ದರಿಂದ ಸಮಸ್ಯೆ ಕಾಲ್ಪನಿಕವಲ್ಲ. ಪ್ರಬಂಧವಷ್ಟೇ ಕಾಲ್ಪನಿಕ ಎನ್ನುವವರಿಗೆ ಮುಂದೆ ಉತ್ತರವಿದೆ.

ಐತಿಹಾಸಿಕ ಹಿನ್ನೆಲೆ

ಇದೇ ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ 1234ರಲ್ಲಿ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯವಿದೆ. ಹೊಯ್ಸಳ ಎರಡನೇ ನರಸಿಂಹನ ಕಾಲದ್ದು. ಹೊಯ್ಸಳರ ಲಾಂಛನವನ್ನು ಆಯುಧಶಾಸ್ತ್ರದ ಕಣ್ಣಿನಿಂದ ಯಾರೂ ನೋಡಿಲ್ಲ. ಗುರು ಹೇಳಿದ್ದು ಒಂದು ಮಾತು, ಸಳ ಹೊಡೆದದ್ದು ಒಂದು ಏಟು, ಮೃಗ ಬಿದ್ದದ್ದು ಒಂದೇ ಸಲ. ಏಕಕ್ರಿಯಾಯುಧದ ಪ್ರಯೋಗಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಪ್ರಾಚೀನ ನಿದರ್ಶನ ನಮಗೆ ಸಿಕ್ಕಿಲ್ಲ.

ಈಗಿನ ಕಾಯ್ದೆಯಡಿ ಸಳನ ಮೇಲೆ ಕೇಸು ಬೀಳುತ್ತಿತ್ತೆ ಎಂಬುದನ್ನೂ ಪರಿಶೀಲಿಸಲಾಗಿದೆ. ಕೊಂದದ್ದು ಹುಲಿಯೋ ಸಿಂಹವೋ ಎಂದು ಪಂಡಿತರು ಜಗಳವಾಡಲಿ. ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲೇ ಇವೆ. ಆದರೆ ಅದೇ ಕಾಯ್ದೆಯ 11ನೇ ಸೆಕ್ಷನ್ನಿನ ಪ್ರಕಾರ ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ. ಗುರುವಿನ ಪ್ರಾಣ ಉಳಿಸಿದ್ದರಿಂದ ಸಳ ಬಚಾವು. ಸತ್ತ ಪ್ರಾಣಿ ಮಾತ್ರ ಸರ್ಕಾರದ ಸ್ವತ್ತು. ಅದನ್ನು ಲಾಂಛನ ಮಾಡಿಕೊಳ್ಳಲು ಅನುಮತಿ ಪಡೆದ ಬಗ್ಗೆ ಶಾಸನಾಧಾರ ಲಭ್ಯವಿಲ್ಲ.

ಶ್ರೀರಂಗಪಟ್ಟಣದ ಹೈದರ್, ಟಿಪ್ಪು ಕಾಲದ ರಾಕೆಟ್ಟುಗಳೂ ಇದೇ ಜಿಲ್ಲೆಯ ಹೆಮ್ಮೆಯೇ. ಹಂದಿ ಓಡಿಸಲು ಅವು ಹೆಚ್ಚಾದವೆಂದು ಕೈಬಿಡಲಾಗಿದೆ.

ಪೂರ್ವಪಕ್ಷ

ರಿವಾಲ್ವರ್‌ವಾದಿಗಳ ಪಕ್ಷ ಹೀಗಿದೆ: ಪರದೇಶದ ಮಾಲು ಏಕೆ, ನಮ್ಮಲ್ಲೇ ಇದೆಯಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದೇ .32 ಬೋರಿನ ‘ನಿರ್ಭೀಕ್’ ತಂದಿತು. ಬೆಲೆ ಲಕ್ಷ ರೂಪಾಯಿ ದಾಟಿತ್ತು. ಆಮೇಲೆ ಇಶಾಪುರದ ರೈಫಲ್ ಕಾರ್ಖಾನೆಯಿಂದ .22ರ ‘ನಿಡರ್’ ಬಂತು. ಹೆಸರುಗಳಲ್ಲಿ ಧೈರ್ಯಕ್ಕೆ ಕೊರತೆಯಿಲ್ಲ. ಲಕ್ಷ ರೂಪಾಯಿಯನ್ನು ಸೊಂಟದಲ್ಲಿ ಕಟ್ಟಿಕೊಂಡು ಕತ್ತಲಲ್ಲಿ ಓಡಾಡುವವನಿಗೆ ಚಿರತೆಗಿಂತ ಕಳ್ಳನ ಭಯ ಹೆಚ್ಚಾಗುವುದಿಲ್ಲವೇ ಎಂಬ ಆಕ್ಷೇಪಕ್ಕೆ ರಿವಾಲ್ವರ್‌ವಾದಿಗಳು ಉತ್ತರ ಕೊಟ್ಟಿಲ್ಲ.

ಮುಂದಿನ ತೊಡಕು ಲೈಸೆನ್ಸು. 1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್ನು ರೈತನ ವಿಷಯದಲ್ಲಿ ಉದಾರವಾಗಿಯೇ ಇದೆ: ರಕ್ಷಣೆಗೋ ಕ್ರೀಡೆಗೋ ಆದರೆ 20 ಇಂಚಿಗೆ ಕಡಿಮೆಯಿಲ್ಲದ ನಯ ನಳಿಗೆಯ ಕೋವಿ, ನಿಜವಾಗಿ ಬೆಳೆ ಕಾಯಲಾದರೆ ಬಾಯಿಂದ ಮದ್ದು ತುಂಬುವ ಕೋವಿ. ಅಂದರೆ ಕಾಯ್ದೆಯ ದೃಷ್ಟಿಯಲ್ಲಿ ಹಂದಿ ಸಾವಧಾನದ ಪ್ರಾಣಿ. ರೈತನು ಮೊದಲು ನಳಿಗೆಗೆ ಮದ್ದು ಸುರಿಯಬೇಕು. ತೆಂಗಿನ ನಾರು ತುರುಕಿ ಗಜದಿಂದ ಜಡಿಯಬೇಕು. ಮೇಲೆ ಚರೆ ಹಾಕಿ, ಚೆಲ್ಲದಂತೆ ಮತ್ತೆ ನಾರು ಜಡಿಯಬೇಕು. ಕೊನೆಗೆ ಕೇಪು ಕೂರಿಸಬೇಕು. ಇಷ್ಟಾಗುವವರೆಗೆ ಹಂದಿ ಗದ್ದೆಯಲ್ಲೇ ನಿಂತಿರತಕ್ಕದ್ದು. ಮಳೆ ಬಂದು ಮದ್ದು ನೆನೆದರೆ ಮೊದಲಿನಿಂದ ಶುರು. ಇದು ಏಕಕ್ರಿಯೆಯಲ್ಲ, ಷೋಡಶೋಪಚಾರ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿಯಿದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಅಲ್ಲಿ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆಯಾಗುತ್ತದೆ. ಮಂಡ್ಯ ಸೀಮೆಯಲ್ಲಿ ಆಯುಧಪೂಜೆಗೆ ಟ್ರ್ಯಾಕ್ಟರ್, ಕುಡುಗೋಲು, ಸನಿಕೆ ತೊಳೆದಿಡುತ್ತಾರೆ. ಕೋವಿಯಿದ್ದವರೂ ಇದ್ದಾರೆ, ಆದರೆ ಹಬ್ಬಕ್ಕೆ ಅದು ಮನೆಯಲ್ಲಿರುತ್ತದೆಂಬ ಖಾತ್ರಿಯಿಲ್ಲ. ಯಾಕೆಂದರೆ ಚುನಾವಣೆ ಘೋಷಣೆಯಾದ ಕೂಡಲೇ ಲೈಸೆನ್ಸಿನ ಕೋವಿಗಳನ್ನು ಠಾಣೆಗೆ ಒಪ್ಪಿಸಿ ಎಂಬ ಆದೇಶ ಹೊರಡುವುದು ವಾಡಿಕೆ. ಲೋಕಸಭೆಗೆ ಒಮ್ಮೆ, ವಿಧಾನಸಭೆಗೆ ಒಮ್ಮೆ, ಪಂಚಾಯಿತಿಗೆ ಇನ್ನೊಮ್ಮೆ. ಆ ದಿನಗಳಲ್ಲಿ ಕೋವಿ ಠಾಣೆಯಲ್ಲಿ, ಹಂದಿ ಗದ್ದೆಯಲ್ಲಿ. ನೀತಿಸಂಹಿತೆ ಹಂದಿಗೆ ಅನ್ವಯಿಸುವುದಿಲ್ಲ.

ಕಿರುಬೇಟೆ ಪ್ರಕರಣ

ಹೊಡೆಯಲು ಆಯುಧವಾಯಿತೆನ್ನೋಣ, ಹೊಡೆಯುವುದು ಏನನ್ನು? ಮೊಲ, ಗೌಜಲಕ್ಕಿ, ಹಂದಿ, ನವಿಲು, ಎಲ್ಲವೂ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಮೊದಲು ಐದನೇ ಅನುಸೂಚಿ ಎಂದೊಂದಿತ್ತು. ಕಾಗೆ, ಇಲಿ, ಹಣ್ಣುಬಾವಲಿಗಳನ್ನು ಉಪದ್ರವಿಗಳೆಂದು ಅದರಲ್ಲಿ ಸೇರಿಸಿದ್ದರು. ರೂಗರಿನಂಥ ಘನವಾದ ಯಂತ್ರಕ್ಕೆ ಇಲಿಯಾದರೂ ಉಳಿದಿತ್ತಲ್ಲ ಎಂದುಕೊಳ್ಳುವಷ್ಟರಲ್ಲಿ 2022ರ ತಿದ್ದುಪಡಿ ಬಂದು, 2023ರ ಏಪ್ರಿಲ್ 1ರಿಂದ ಆ ಅನುಸೂಚಿಯೇ ಇಲ್ಲವಾಯಿತು. ಏಪ್ರಿಲ್ 1 ಎಂಬುದನ್ನು ಬೇಟೆಗಾರರು ಮೊದಲು ತಮಾಷೆಯೆಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ, ಕೊಲ್ಲುವ ಪ್ರಯತ್ನವೂ ಬೇಟೆಯೇ. ಅಂದರೆ ಗುರಿ ತಪ್ಪಿದವನಿಗೂ ಬೇಟೆಗಾರನೆಂಬ ಬಿರುದು ಕೋರ್ಟಿನಲ್ಲಿ ದೊರೆಯುತ್ತದೆ. ಊರಿನಲ್ಲಿ ಎಂದೂ ಸಿಗದ ಮನ್ನಣೆಯಿದು.

ಏರ್‌ಗನ್ ಹಿಡಿದವರೂ ಉಂಟು. 2016ರ ಆಯುಧ ನಿಯಮಗಳ ಪ್ರಕಾರ .177 ಇಂಚಿನ ಬೋರು ಮೀರದ, ಶಕ್ತಿ 20 ಜೂಲ್ ದಾಟದ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಆದರೆ ಬೇಟೆಯ ಕಾಯ್ದೆ ಅದಕ್ಕೂ ಒಂದೇ. ಹೀಗಾಗಿ ಕಾನೂನು ಒಪ್ಪುವ ಕಿರುಬೇಟೆ ಒಂದೇ ಉಳಿಯುತ್ತದೆ: ಜಾತ್ರೆಯಲ್ಲಿ ಹಲಗೆಗೆ ಸಿಕ್ಕಿಸಿದ ಬಲೂನು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ಈ ಶಾಸ್ತ್ರವನ್ನೇ ತಲೆಕೆಳಗು ಮಾಡಿದ್ದಾರೆ. ಹೆಜ್ಜಾರ್ಲೆಗಳೂ ಕೊಕ್ಕರೆಗಳೂ ಮನೆಯಂಗಳದ ಹುಣಸೆಮರದಲ್ಲಿ ಗೂಡು ಕಟ್ಟಿದರೆ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ನೋಡಿಕೊಳ್ಳುತ್ತಾರೆ. ಹಿಕ್ಕೆ ತಲೆ ಮೇಲೆ ಬಿದ್ದರೂ ಗುರಿ ಇಡುವುದಿಲ್ಲ. ಅಲ್ಲಿ ಗುರಿಯಿಡುವುದು ಹಕ್ಕಿಗಳೇ.

ತೃತೀಯ ಹಸ್ತ ಸಮಸ್ಯೆ

ಇಷ್ಟೆಲ್ಲ ತೊಡಕು ದಾಟಿ ರಿವಾಲ್ವರ್ ಕೈಗೆ ಬಂತೆಂದು ಭಾವಿಸಿ, ನಾವು ಒಬ್ಬ ಅನುಭವಿ ರೈತರ ಮುಂದೆ ನಳಿಗೆಯ ಉದ್ದ, ಹಿಡಿಯ ಮರ, ಚರ್ಮದ ಚೀಲ ಇತ್ಯಾದಿಗಳನ್ನು ವಿವರಿಸಿದೆವು. ಅವರು ಬೀಡಿ ಆರುವವರೆಗೆ ಕೇಳಿಸಿಕೊಂಡು ಹೇಳಿದರು:

“ಎಲ್ಲಾ ಸರಿ ಸಾರ್. ಒಂದ್ ಕೈಲಿ ಬ್ಯಾಟ್ರಿ, ಇನ್ನೊಂದ್ ಕೈಲಿ ಸನ್ಕೆ. ನಿಮ್ ರಿವಾಲ್ವರ್ ಯಾವ್ ಕೈಲಿ ಇಡ್ಕಳಾದು?”

ಸೊಂಟಕ್ಕೆ ಕಟ್ಟಿಕೊಳ್ಳಬಹುದು ಎಂದೆವು.

“ಚಡ್ಡಿ ಲಾಡಿಗೇ ಗ್ಯಾರಂಟಿ ಇಲ್ಲ, ಅದಕ್ ಬ್ಯಾರೆ ಕೋವಿ ಕಟ್ಟೀರಾ?”

ಶಾಸ್ತ್ರ ಇಲ್ಲಿ ಮೂಕವಾಯಿತು. ಬ್ಯಾಟರಿ ಬಿಟ್ಟರೆ ಹಾವು ಕಾಣುವುದಿಲ್ಲ. ಸನಿಕೆ ಬಿಟ್ಟರೆ ನೀರು ತಿರುಗುವುದಿಲ್ಲ. ಒಂದು ಮಡಿ ತುಂಬಿದ ಮೇಲೆ ಬದು ಕಡಿದು ಇನ್ನೊಂದಕ್ಕೆ ಬಿಟ್ಟು, ಹಿಂದಿನದಕ್ಕೆ ಮಣ್ಣೊತ್ತುವ ಕೆಲಸವನ್ನು ಯಾವ ರೂಗರೂ ಮಾಡದು. ಹೆಬ್ಬೆರಳಿನಿಂದ ಹ್ಯಾಮರ್ ಎಳೆಯಬೇಕಾದ ಏಕಕ್ರಿಯಾಯುಧಕ್ಕೆ ಮೂರನೆಯ ಕೈ ಅನಿವಾರ್ಯ. ಅದು ರೈತನಿಗೆ ಇನ್ನೂ ಮೂಡಿಲ್ಲ.

ದೇಶೀ ಏಕಕ್ರಿಯೆ

ಹಾಗಾದರೆ ಕ್ಯಾಟರ್‌ಬಿಲ್ಲು? ಒಮ್ಮೆ ಎಳೆ, ಒಮ್ಮೆ ಬಿಡು, ಅಪ್ಪಟ ಏಕಕ್ರಿಯೆ. ಚೌಕಟ್ಟಿಗೆ ಸೀಬೆಯ ಕವೆ ಶ್ರೇಷ್ಠ, ಹುಣಸೆಯದು ಗಟ್ಟಿಯಾದರೂ ಭಾರ. ತೊಗಟೆ ತೆಗೆದು ನೆರಳಲ್ಲಿ ಒಣಗಿಸಿದರೆ ಸೀಳುವುದಿಲ್ಲ. ಸೈಕಲ್ ಟ್ಯೂಬಿನ ಎರಡು ಪಟ್ಟಿ, ಹಳೆಯ ಎಕ್ಕಡದಿಂದ ಕತ್ತರಿಸಿದ ಅಂಗೈಯಗಲದ ಚರ್ಮ, ಅದನ್ನು ಬಿಗಿಯಲು ಅದೇ ಟ್ಯೂಬಿನ ಎಳೆ. ಮದ್ದುಗುಂಡಿಗೆ ಕೆರೆಯ ಜೇಡಿಮಣ್ಣಿನ ಉಂಡೆ. ಬಿಸಿಲಲ್ಲಿ ಒಣಗಿಸಿ ಒಲೆಯ ಬೂದಿಯಲ್ಲಿ ಸುಟ್ಟರೆ ಕಲ್ಲನ್ನು ಮೀರಿಸುತ್ತದೆ. ನಳಿಗೆಯ ಉದ್ದ ಎಂದರೆ ಕವೆಯಿಂದ ಬಲಗಿವಿಯವರೆಗೆ. ಹುಡುಗ ಬೆಳೆದಂತೆ ತಾನೂ ಬೆಳೆಯುವ ನಳಿಗೆ ಜಗತ್ತಿನ ಬೇರಾವ ಆಯುಧಕ್ಕೂ ಇಲ್ಲ.

ಮಂಗನ ಮೇಲೆ ಇದರ ಪ್ರಭಾವ ಅಪೂರ್ವ. ಕಲ್ಲು ಹೂಡುವುದೂ ಬೇಡ, ಕವೆ ಎತ್ತಿ ರಬ್ಬರ್ ಎಳೆದಂತೆ ಮಾಡಿದರೆ ಸಾಕು, ತೆಂಗಿನಿಂದ ತೆಂಗಿಗೆ ಜಿಗಿದು ಪರಾರಿ. ಏಕಕ್ರಿಯೆಯನ್ನೂ ದಾಟಿದ ಶೂನ್ಯಕ್ರಿಯೆಯಿದು. ಕಾನೂನಿಗೂ ಸಿಗದು, ಗುಂಡಿಗೂ ಖರ್ಚಿಲ್ಲ. ರಿವಾಲ್ವರ್ ತೋರಿಸಿದರೆ ಅದೇ ಮಂಗ ತಿನ್ನುವ ಪದಾರ್ಥವೆಂದು ಕಿತ್ತುಕೊಂಡು ಹೋಗುವ ಸಂಭವವಿದೆ. ಚಿರತೆಯ ಮೇಲೆ ಮಾತ್ರ ಕ್ಯಾಟರ್‌ಬಿಲ್ಲು ನಡೆಯದು. ಅಲ್ಲಿ ಬೆಳಕು, ಸದ್ದು, ಜೊತೆಗೊಬ್ಬ, ಇವೇ ಮದ್ದು. ಅದಕ್ಕೇ ನೀರು ಕಟ್ಟಲು ಹೋಗುವವರು ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕಿಕೊಳ್ಳುತ್ತಾರೆ.

ಸಿದ್ಧಾಂತ

ಇಷ್ಟು ದೂರ ಬಂದ ಮೇಲೆ ಮೂಲ ಪ್ರಶ್ನೆಯೇ ತಿರುಗಿ ಬೀಳುತ್ತದೆ. ಮನುಷ್ಯ ಮಲಗುವ ಹೊತ್ತಿನಲ್ಲಿ, ಚಿರತೆ ಎದ್ದಿರುವ ಹೊತ್ತಿನಲ್ಲಿ, ಆ ರೈತ ಗದ್ದೆಗೆ ಹೋದದ್ದೇಕೆ? ಶೌರ್ಯಕ್ಕಲ್ಲ. ಪಂಪ್‌ಸೆಟ್ಟಿನ ಕರೆಂಟು ಬರುವುದು ಸರದಿಯ ಮೇಲೆ, ಸರದಿ ಎಷ್ಟೋ ಸಲ ಬರುವುದು ರಾತ್ರಿಯೇ. ಆಯುಧಶಾಸ್ತ್ರಜ್ಞರಿಗೆ ಸಿಂಗಲ್ ಆಕ್ಷನ್, ಡಬಲ್ ಆಕ್ಷನ್ ಎಂಬ ಭೇದ ಮುಖ್ಯ. ಕೆರಗೋಡು ಸೀಮೆಯ ರೈತನಿಗೆ ಸಿಂಗಲ್ ಫೇಸೋ ತ್ರೀ ಫೇಸೋ ಎಂಬುದೊಂದೇ ಮುಖ್ಯ. ಮೋಟಾರನ್ನು ಆಟೋ ಸ್ಟಾರ್ಟರ್ ಓಡಿಸೀತು, ಮೊಬೈಲ್ ಸ್ಟಾರ್ಟರ್ ಮನೆಯಿಂದಲೇ ಚಾಲೂ ಮಾಡೀತು. ನೀರನ್ನು ಮಡಿಯಿಂದ ಮಡಿಗೆ ತಿರುಗಿಸಲು, ಹಾರಿದ ಫ್ಯೂಸ್ ಕಟ್ಟಲು ಆಳೇ ಹೋಗಬೇಕು. ಹಗಲು ತ್ರೀ ಫೇಸ್ ಕೊಡಿ ಎಂದು ರೈತರು ಕೇಳುತ್ತಿರುವುದು ನಿದ್ದೆಯ ಆಸೆಗಷ್ಟೇ ಅಲ್ಲ. 2019ರ ಪಿಎಂ ಕುಸುಮ್ ಯೋಜನೆಯಲ್ಲಿ ಕೃಷಿ ಫೀಡರುಗಳಿಗೆ ಸೌರವಿದ್ಯುತ್ ಕೊಡುವ ಭಾಗವಿದೆ. ಸೂರ್ಯ ರಾತ್ರಿ ಪಾಳಿ ಮಾಡುವುದಿಲ್ಲವಾದ್ದರಿಂದ ಅದು ಪೂರ್ತಿಯಾಗಿ ಜಾರಿಗೆ ಬಂದರೆ ಚಿರತೆಯ ವಿರುದ್ಧ ಇದುವರೆಗೆ ಯಾರೂ ಕಂಡುಹಿಡಿಯದಷ್ಟು ಪ್ರಬಲ ಆಯುಧವಾದೀತು. ಚಿರತೆಗೂ ಗಾಯವಿಲ್ಲ.

ಆದ್ದರಿಂದ ನಮ್ಮ ನಿರ್ಣಯ ಹೀಗಿದೆ. ಕೆರಗೋಡು ಸೀಮೆಗೆ ಆದರ್ಶ ಏಕಕ್ರಿಯಾಯುಧವೆಂದರೆ ಪಂಪ್‌ಸೆಟ್ಟಿನ ಸ್ಟಾರ್ಟರಿನ ಹಸಿರು ಬಟನ್. ಪ್ರಯೋಗದ ಹೊತ್ತು ಬೆಳಗ್ಗೆ ಹತ್ತು ಗಂಟೆ. ಒಂದು ಸಲ ಒತ್ತಿದರೆ ಒಂದು ಕ್ರಿಯೆ. ಸದ್ದಿದೆ, ಹೊಗೆಯಿಲ್ಲ. ಹೆಬ್ಬೆರಳಷ್ಟೇ ಸಾಕು, ಮೂರನೆಯ ಕೈ ಬೇಡ. ಲೈಸೆನ್ಸ್ ಬೇಡ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಬೇಕಾದ ತಾಪತ್ರಯವೂ ಇಲ್ಲ. ಆ ದಿನಗಳಲ್ಲೇ ಇದು ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆಂಬುದು ಬಲ್ಲವರ ಅಭಿಮತ.