ಬೈಕ್ ಹೋಗದ ಬಾವಿ

ಕೆಜಿಎಫ್‌ನ ಚಿನ್ನದ ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬದ ಪಕ್ಕದ ಟೀ ಅಂಗಡಿ. ಬಂಗಾರಪೇಟೆ ಕಡೆಯಿಂದ ಬಂದ ಸಾಹೇಬರು ಬೈಕ್ ನಿಲ್ಲಿಸಿ ಖಾಲಿ ಬಾಟಲಿ ತೆಗೆದರು.

"ನೀರಿನ ಪರೀಕ್ಷೆನಾ ಸಾರ್?"

"ಹೂಂ ತಾತ. ಬಾವಿ ಎಲ್ಲಿದೆ?"

"ದಿಬ್ಬದ ಕೆಳಗೆ, ಹಳ್ಳದ ದಂಡೇಲಿ. ಮಳೆ ಬಂದ್ರೆ ಬೂದಿ ನೀರೆಲ್ಲಾ ಅಲ್ಲಿಗೇ ಇಳಿಯೋದು."

"ಅಲ್ಲಿಗೆ ಬೈಕ್ ಹೋಗಲ್ಲ. ಮೇಲ್ಗಡೆ ಯಾವ್ದೂ ಇಲ್ವಾ?"

"ಇದೆ. ದಿಬ್ಬಕ್ಕಿಂತ ಎತ್ತರದಲ್ಲಿ. ನೀರು ಕಲ್ಲುಸಕ್ಕರೆ."

"ಸಾಕು, ಅದೇ ಸಾಕು!"

(ಹೋಲಿಕೆಗೆ ಮೇಲಿನ ಬಾವಿಯೂ ಬೇಕು, ಒಪ್ಪೋಣ. ಆದರೆ ಕೆಳಗಿನದ್ದೇ ಇಲ್ಲದೆ ಯಾವುದಕ್ಕೆ ಹೋಲಿಸೋದು?)

"ಗಣಿ ಮುಚ್ಚಿದ್ದು 2001ರಲ್ಲಿ ತಾತ. ಸೈನೈಡ್ ಬಿಸಿಲಿಗೆ ಕರಗಿಹೋಗತ್ತೆ."

"ಹೋಯ್ತು ಅನ್ನಿ. ಅದಿರಲ್ಲಿದ್ದ ಆರ್ಸೆನಿಕ್ಕೂ ಬಿಸಿಲಿಗೆ ಹೋಗತ್ತಾ?"

"ಅದು ನಮ್ಮ ಫಾರಮ್ಮಲ್ಲಿಲ್ಲ."

"ಇರ್ಲಿ, ಟೀ ತಗೊಳ್ಳಿ."

ಗ್ಲಾಸು ತುಟಿಯ ಹತ್ತಿರ ಹೋಗಿ ನಿಂತಿತು. "ಯಾವ ನೀರು ತಾತ ಇದು?"

"ಕೆಳಗಿನ ಬಾವೀದು."

ಗ್ಲಾಸು ಬೆಂಚಿನ ಮೇಲೆ ಕೂತಿತು. ಬೈಕ್ ಹೊರಟಿತು.

ಕೆಜಿಎಫ್‌ನ ಇಂಥ ದಿಬ್ಬಗಳಲ್ಲಿರುವ ಗಣಿತ್ಯಾಜ್ಯ ಮೂರು ಕೋಟಿ ಟನ್ನಿಗೂ ಹೆಚ್ಚು. ಕುಡಿಯುವ ನೀರಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು.