ಗುಡ್ಡದೂರಿಗೆ ಬಂದ ಕಾರು

"ಗಾಡಿ ಕೆಳಗ ಬಿಟ್ಟು ಬರ್ರಿ ಅಂದ್ರ ಮಂದಿಗಿ ಸಿಟ್ಟ ಬರ್ತದ್ರಿ" ಎಂದರು ಕಂಪೌಂಡಿನ ಆಚೆಯ ಕಾಕಾ. ಕಲಬುರಗಿ ಕಡೆಯವರು. ಶೇಂದ್ರಾದ ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗ ಮಾಡುತ್ತಲೇ ತಲೆ ಬೆಳ್ಳಗಾಗಿಸಿಕೊಂಡವರು. ಕಾರಿನಿಂದ ಅನ್ನ ಉಂಡವರೇ ಕಾರಿಗೆ ಅಡ್ಡ ನಿಂತರೆ ಹೇಗೆ ಕಾಕಾ ಅಂದೆ. "ಮಾಡೋದು ಬ್ಯಾರೆ, ನಿಲ್ಲಿಸೋದು ಬ್ಯಾರೆ!"

ಮಾತು ಖುಲ್ದಾಬಾದಿನದು. ವೇರೂಳ, ಅಂದರೆ ಎಲ್ಲೋರಾ, ಗುಹೆಗಳ ಮೇಲಿನ ಗುಡ್ಡದೂರು. ಹಳೇ ಕೋಟೆಬಾಗಿಲು, ಸೂಫಿಗಳ ದರ್ಗಾ, 1707ರಲ್ಲಿ ತೀರಿಕೊಂಡ ಔರಂಗಜೇಬನ ಗೋರಿ, ಮಲಗಿದ ಭದ್ರಾ ಮಾರುತಿ, ಎಲ್ಲ ಒಂದೇ ಕಡೆ. ಶ್ರಾವಣ ಶನಿವಾರಕ್ಕೆ ಸಂಭಾಜಿನಗರದಿಂದ ರಾತ್ರಿಯೆಲ್ಲ ನಡೆದು ಬರುವವರಿಗೆ ಕುಡಿಯಲು ನೀರಿದ್ದರೆ ಆಯಿತು. ಪೇಚಾಟವೆಲ್ಲ ಭಾನುವಾರದ ಕಾರಿನವರದು. ದಾರಿಯಲ್ಲಿ ದೌಲತಾಬಾದಿನ ಕಮಾನು ಬಾಗಿಲಲ್ಲೇ ಅವರ ಅರ್ಧ ತಾಳ್ಮೆ ಮುಗಿದಿರುತ್ತದೆ.

ಅಜಂತಾದಲ್ಲಿ ಇದಕ್ಕೊಂದು ದಾರಿ ಮಾಡಿದ್ದಾರೆ. ಫರ್ದಾಪುರದ ಟಿ-ಪಾಯಿಂಟಿನಲ್ಲಿ ಗಾಡಿ ಬಿಡಬೇಕು, ಮುಂದಿನ ನಾಲ್ಕು ಕಿಲೋಮೀಟರು ಎಸ್‌ಟಿ ಬಸ್ಸು. ಬಸ್ಸಿಗೆ ಹೋಗುವಾಗ ಅಂಗಡಿಸಾಲು ದಾಟಿಯೇ ಹೋಗಬೇಕು ಅನ್ನುವುದು ಬೇರೆ ಮಾತು. ಮುಂಬೈ ಹತ್ತಿರದ ಮಾಥೇರಾನದಲ್ಲಂತೂ ದಸ್ತೂರಿ ನಾಕಾದ ಆಚೆ ಪ್ರವಾಸಿಗರ ಕಾರಿಗೆ ಪ್ರವೇಶವೇ ಇಲ್ಲ. ಆದರೂ ಅಲ್ಲಿಗೆ ಹೋಗುವವರು ಹೋಗುತ್ತಲೇ ಇದ್ದಾರೆ.

"ಇಲ್ಲೂ ಘಾಟಿನ ಬುಡಕ್ಕೇ ತಡೀಬೇಕ್ರಿ" ಎಂದು ಕಾಕಾ ಕಂಪೌಂಡಿನ ಮೇಲೆ ಬೆರಳಲ್ಲಿ ಗೆರೆ ಎಳೆದರು. "ಗುಡ್ಡ ಕಡದು ಸಪಾಟ ಮಾಡಬ್ಯಾಡ್ರಿ, ಮೊದಲ ಮಳಿಗೇ ಮಣ್ಣು ರೋಡಿಗೆ ಬರ್ತದ. ನಾಕು ಬೇವಿನ ಗಿಡ, ಸಂಡಾಸ, ನೀರು. ಮ್ಯಾಲ ಹೋಗ್ಲಿಕ್ಕ ಊರವರದೇ ಆಟೋ."

ಭದ್ರಾ ಮಾರುತಿಯ ಜಾತ್ರೆಯ ದಿನ? ಆ ಒಂದು ದಿನಕ್ಕಾಗಿ ವರ್ಷವಿಡೀ ಕಾಂಕ್ರೀಟು ಹಾಸುವುದು ದಂಡ, ಹೊಲ ಬಾಡಿಗೆಗೆ ಹಿಡಿದರಾಯಿತು ಎಂದೆ. ಕಾಕಾ ಬಿಡಲಿಲ್ಲ. "ಹನುಮ ಜಯಂತಿಗೆ ಹೊಲ ಖಾಲಿ, ಖರೆ. ಶ್ರಾವಣದಾಗ? ಬೆಳಿ ನಿಂತಿರ್ತದ, ಎರಿಮಣ್ಣಾಗ ಟಾಯರ ಹೂತ್ರ ಟ್ರ್ಯಾಕ್ಟರೇ ಬೇಕು!" ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಆ ತಿಂಗಳ ಮಟ್ಟಿಗೆ ಸಂಭಾಜಿನಗರದಿಂದಲೇ ಹೆಚ್ಚು ಬಸ್ಸು ಬಿಡುವುದು ಲೇಸು ಎಂದು ಇಬ್ಬರೂ ಒಪ್ಪಿದೆವು. ಪಾರ್ಕಿಂಗ್ ರೊಕ್ಕ ಊರಿನ ಚರಂಡಿಗೇ ಹೋಗಬೇಕೆಂದೂ ಠರಾವಾಯಿತು.

"ಮುಂದಿನ ವಾರ ನಿಮ್ಮ ಅಳಿಯಂದಿರು ಬರ್ತಾರಲ್ಲ, ಅವರ ಕಾರನ್ನೂ ಬುಡದಲ್ಲೇ ಬಿಡಿಸ್ತೀರಾ?"

"ಅಂವಗ ಮೊಣಕಾಲ ಬ್ಯಾನಿ ಅದರಿ" ಎಂದು ಕಾಕಾ ಒಳಗೆ ನಡೆದರು.